ಬಲಗಡೆಯ ಬಿಸಿಲು

ಅಥವಾ ಆ ಫೋನು ಬಂದದ್ದು ನಾನು ನಾಗಮಂಗಲಕ್ಕೆ ಹೋದ ಮೇಲೂ ಇರಬಹುದು. "ಗಾಳಿ ಹದಕ್ಕೆ ಬಂತು ಕಣ್ಲಾ. ಇವ್ಳು ಈಗ ಸೆರಗು ಎಳ್ಕತ್ತಿಲ್ಲ" ಎಂದರು ಅಣ್ಣ, ಅತ್ತಿಗೆಯ ವಿಷಯಕ್ಕೆ. ಆ ಮಾತು ಮಾತ್ರ ಖಂಡಿತ. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಅದು ನನ್ನ ಕಡೆಯದಾಗಿದ್ದರೆ ನಾನು ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಅಂದರೆ ನನಗೆ ವರ್ಗವಾಗಿ ಹೋಗಿತ್ತು. ಅವರ ಕಡೆಯದಾಗಿದ್ದರೆ ನಾನಿನ್ನೂ ಶ್ರೀರಂಗಪಟ್ಟಣದ ಮನೆಯಲ್ಲೇ ಇದ್ದೆ, ಮಾರನೆಯ ಬೆಳಿಗ್ಗೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವನಿದ್ದೆ. ಯಾವ ಬಸ್ಸು, ಯಾರ ಕಡೆಯದು ಎಂದು ಎಷ್ಟು ನೆನಪು ಮಾಡಿಕೊಂಡರೂ ಹಾರನ್ನು ಅಷ್ಟೇ ಕೇಳುತ್ತದೆ. ಇದು ಸಣ್ಣ ವಿಷಯವಲ್ಲ. ಒಬ್ಬ ಮನುಷ್ಯ ಸುರಿಸಿದ ಬೆವರಿಗೆ ಅರ್ಥವಿತ್ತೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ.

ಅವರು ಪಾಂಡವಪುರ ದಾಟಿ ಕೆ.ಆರ್. ಪೇಟೆ ಕಡೆಗೆ ಹೋಗುವ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನಾನು ಅದೇ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಇಬ್ಬರ ಮನೆಯೂ ಶ್ರೀರಂಗಪಟ್ಟಣದಲ್ಲಿ, ಒಂದು ಬೀದಿಯ ಅಂತರ. ನನಗಿಂತ ಹಿರಿಯರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತೂ ಹೋಗಿತ್ತು. ಮಕ್ಕಳಿರಲಿಲ್ಲ. ಬೆಳಿಗ್ಗೆ ಅತ್ತಿಗೆಯನ್ನು ಪಾಂಡವಪುರದಲ್ಲಿ ಅತ್ತಿಗೆಯ ತಂಗಿಯ ಮನೆಯಲ್ಲಿ ಇಳಿಸಿ, ನಾವಿಬ್ಬರೂ ಸ್ಕೂಲಿಗೆ ಹೋಗುತ್ತಿದ್ದೆವು. ಸಂಜೆ ಕರೆದುಕೊಂಡು ವಾಪಸ್ಸು. ಅತ್ತಿಗೆ ಮುಂದೆ ಎಡಗಡೆ, ಅವರು ಸ್ಟೀರಿಂಗಿನ ಮುಂದೆ ಬಲಗಡೆ, ನಾನು ಹಿಂದಿನ ಸೀಟಿನ ನಡುವೆ. ನನಗೆ ಗೊತ್ತಿರುವ ಅವರು ಬಹುಪಾಲು ಹಿಂದಿನಿಂದ ಕಂಡವರು: ಕತ್ತು, ಕಿವಿ, ಕಾಲರು, ಹೆಗಲ ಮೇಲಿನ ಟವಲ್ಲು.

ಕಳೆದ ಆಷಾಢದಲ್ಲಿ ಎದೆ ಹಿಡಿದಂಗಾಯ್ತದೆ ಅಂತ ಸ್ಕೂಲಿನ ಜಗಲಿ ಮೇಲೆ ಕೂತವರು ಮತ್ತೆ ಏಳಲಿಲ್ಲ. ಶ್ರದ್ಧಾಂಜಲಿ ಸಭೆಗೆ ನಾನೂ ನಾಗಮಂಗಲದಿಂದ ಬಂದಿದ್ದೆ. ಶಿಸ್ತಿನ ಸಿಪಾಯಿ ಎಂದರು ಒಬ್ಬರು. ಶಿಸ್ತು ಅವರ ಹತ್ತಿರ ಸುಳಿದಿದ್ದನ್ನು ನಾನಂತೂ ನೋಡಿಲ್ಲ. ಚಾಕ್‌ಪೀಸು ತರಿಸಿ, ಅದನ್ನು ಜೇಬಿಗೆ ಹಾಕಿಕೊಂಡು, ಕಾವೇರಿಯನ್ನು ಬೋರ್ಡಿನ ಮೇಲೆ ಬರೆಯದೆ ಗಾಳಿಯಲ್ಲೇ ಕೈಯಾಡಿಸಿ ಹರಿಸುತ್ತಿದ್ದವರು ಅವರು. ಇನ್ನೊಬ್ಬರು, ಹೆಂಡತಿಯನ್ನು ಮಗುವಿನಂತೆ ನೋಡಿಕೊಂಡರು ಎಂದರು. ಅದೂ ಸರಿಯಲ್ಲ. ಮಗುವಾದರೆ ಚಳಿಯಾದರೂ ಅಳುತ್ತದೆ, ಸೆಕೆಯಾದರೂ ಅಳುತ್ತದೆ. ಅತ್ತಿಗೆ ಅಳುತ್ತಿರಲಿಲ್ಲ. ಅಣ್ಣನ ಕಷ್ಟವೆಲ್ಲ ಅದೇ ಆಗಿತ್ತು.

ಹದ ಎಂಬುದು ಅವರ ಮಾತಿನಲ್ಲಿ ಎಲ್ಲ ಕಡೆ ಬರುತ್ತಿತ್ತು. ಮುದ್ದೆಗೆ ಹದ, ಟೀಗೆ ಹದ, ಹುಡುಗರನ್ನು ಬೈಯುವುದಕ್ಕೂ ಹದ. "ಜಾಸ್ತಿ ಬೈದ್ರೆ ಸೀದೋಯ್ತದೆ, ಕಮ್ಮಿ ಬೈದ್ರೆ ಹಸೀದು" ಎನ್ನುತ್ತಿದ್ದರು. ಅವರ ತಂದೆ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದರಲ್ಲಿ ಹೆಸರಾದವರಂತೆ. ಕೊಪ್ಪರಿಗೆಯಿಂದ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಇಳಿಸ್ರಲಾ ಅಂದರೆ ಇಳಿಸಬೇಕು. ನಮ್ಮಪ್ಪನ ಬೆರಳು ನಂಗೂ ಬಂದದೆ ಅಂತ ಇವರು ಸ್ಟಾಫ್ ರೂಮಿನಲ್ಲಿ ಟೀ ಲೋಟದ ಸುತ್ತ ಬೆರಳು ಇಟ್ಟು, ಇದು ಕುಡಿಯುವಂಥದ್ದೋ ಅಲ್ಲವೋ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಆಮೇಲೆ ಹೇಳುವುದನ್ನು ಬಿಟ್ಟರು. ಯಾಕೆ ಎಂದು ನನಗೆ ತಂಗಿಯ ಮನೆಯಲ್ಲಿ ತಿಳಿಯಿತು. ಅತ್ತಿಗೆಗೆ ಸ್ನಾನ ಮಾಡಿಸುವುದು ಅವರೇ. ಹಂಡೆಯ ನೀರಿಗೆ ತೊಟ್ಟಿಯ ನೀರು ಬೆರೆಸಿ, ಕೈ ಅದ್ದಿ ಹದ ನೋಡಿ ಹುಯ್ಯುತ್ತಿದ್ದರು. ಒಂದು ದಿನ ತಂಗಿ ಅಕ್ಕನ ಸೀರೆ ಸರಿಮಾಡುವಾಗ ಬಲ ಮೀನಖಂಡದ ಮೇಲೆ ಬೊಬ್ಬೆ ಎದ್ದಿರುವುದನ್ನು ಕಂಡಳು. ನೀರು ಬಿಸಿಯಾಗಿತ್ತು. ಆ ಕಾಲಿಗೆ ಗೊತ್ತಾಗಿರಲಿಲ್ಲ, ಬಾಯಿಗೆ ಹೇಳಲಾಗಿರಲಿಲ್ಲ, ಅವರ ಕೈಗೆ ಅದು ಹದವಾಗಿಯೇ ಇತ್ತು. ಅವರು ಬಂದು ಆ ಬೊಬ್ಬೆ ನೋಡಿ, ತಮ್ಮ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡರು ಎಂದು ತಂಗಿ ಹೇಳಿದಳು. ಇದನ್ನು ನಾನು ನೋಡಿಲ್ಲ. ಆದರೆ ಬರೆಯುವಾಗ ಆ ಕೈ ನನಗೆ ಕಾಣುತ್ತದೆ, ನೋಡಿದವನ ಹಾಗೆ. ಇಂಥವನ್ನು ನಾನು ನಂಬುವುದಿಲ್ಲ.

ಕಾರು ತೆಗೆದುಕೊಂಡದ್ದು ಅದಾದ ಮೇಲೆ. ಹಳೆಯ ಕಾರು ಓಡುತ್ತಿತ್ತು. ಅದರಲ್ಲಿ ಏಸಿಯೂ ಇತ್ತು, ಕೈಯಿಂದ ತಿರುಗಿಸುವಂಥದ್ದು. ಹೊಸದರಲ್ಲಿ ಆಟೋ ಎಂದು ಬರೆದ ಒಂದು ಬಟನ್ನು. ಮಾರಿದವನು, ಸಾರ್ ನೀವೊಂದು ನಂಬರ್ ಇಟ್ಬಿಡಿ, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ ಎಂದನಂತೆ. ಆ ಒಂದು ಮಾತಿಗೆ ಕೊಂಡರು.

"ನನ್ ಕೈ ನಂಗೇ ಮೋಸ ಮಾಡ್ತಲ್ಲ" ಎಂದರು ನನಗೆ, ಮೊದಲ ದಿನ ಆ ಬಟನ್ನು ಒತ್ತುತ್ತ. "ಇದಕ್ಕೆ ಕೈ ಇಲ್ಲ ನೋಡು. ನಾನಿನ್ನು ಏನೂ ಮುಟ್ಟಕಿಲ್ಲ."

ನಂಬರು ಇಪ್ಪತ್ತೈದು. ಇಪ್ಪತ್ತನಾಲ್ಕಲ್ಲ ಎಂದುಕೊಂಡಿದ್ದೇನೆ.

ಕಾರು ಊರು ಬಿಡುವಷ್ಟರಲ್ಲಿ ಅತ್ತಿಗೆಯ ಎಡಗೈ ನಿಧಾನವಾಗಿ ಎದ್ದು, ಮಡಿಲಿನ ಸೆರಗಿನ ಚುಂಗನ್ನು ಹಿಡಿದು, ಬಲ ಭುಜದ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಬಲಗೈ ನೆರವಿಗೆ ಬಾರದ್ದರಿಂದ ಜಾರುತ್ತಿತ್ತು. ಮತ್ತೆ ಎಳೆದುಕೊಳ್ಳುತ್ತಿದ್ದರು. ಅಣ್ಣನ ಕತ್ತು ತಕ್ಷಣ ಎಡಕ್ಕೆ ತಿರುಗುತ್ತಿತ್ತು.

"ಚಳಿ ಆಯ್ತದಾ ಅಮ್ಮಣ್ಣಿ?"

ಅತ್ತಿಗೆ ರಸ್ತೆ ನೋಡುತ್ತಿದ್ದರು.

ಹೇಳದೆಯೇ ತಿಳಿದುಕೊಳ್ಳುವುದು ಆ ಮಿಷನ್ನಿನ ಕೆಲಸವಾಗಿತ್ತು. ಅದಕ್ಕೆ ಯಾಕೆ ತಿಳಿಯುತ್ತಿಲ್ಲ ಎಂಬುದು ಅವರಿಗೆ ಒಂದು ಹಟವಾಯಿತು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಡಬ್ಬಿ ತೆರೆದು ಕೂತಿದ್ದಾಗ ಹೋಗಿ ಎದುರಿಗೆ ಕೂತರು.

"ಮೇಡಂ, ಇಪ್ಪತ್ತೈದು ಇಟ್ಟಿರ್ತೀನಿ, ಗಾಳಿ ಐಸ್ ಥರ ಬತ್ತದೆ. ಇದ್ಯಾವ ಸೀಮೆ ಇಪ್ಪತ್ತೈದು?"

"ಸಾರ್, ಇಪ್ಪತ್ತೈದು ಊದೋ ಗಾಳಿಗಲ್ಲ. ಕಾರಿನ ಒಳಗೆ ಕೊನೆಗೆ ಎಷ್ಟಾಗಬೇಕು ಅನ್ನೋದಕ್ಕೆ. ಕೆ.ಆರ್. ಪೇಟೆ ಅಂತ ಬೋರ್ಡ್ ಹಾಕಿರೋ ಬಸ್ಸು ಪಾಂಡವಪುರದಲ್ಲೂ ನಿಂತಿರುತ್ತಲ್ವಾ? ಬೋರ್ಡು ಹೋಗೋ ಊರಿಂದು."

"ಅಂದ್ರೆ ನನ್ ಹೆಂಡ್ತೀನ ದಾರಿಯುದ್ದಕ್ಕೂ ನಡುಗಿಸ್ಕಂಡು ಓಯ್ತದೆ ಅನ್ನಿ."

ಮೇಡಂ ನಕ್ಕು, ಮೇಜಿನ ಮೇಲೆ ಚಾಕ್‌ಪೀಸಿನಿಂದ ಒಂದು ಪೆಟ್ಟಿಗೆ ಬರೆದರು. ಅದರೊಳಗೆ ಒಂದು ಕಡೆ ತಣ್ಣಗಿನ ಕೊಳವೆ, ಇನ್ನೊಂದು ಕಡೆ ಎಂಜಿನ್ನಿನ ಬಿಸಿನೀರು ಹರಿಯುವ ಕೊಳವೆ. ನಡುವೆ ಒಂದು ಸಣ್ಣ ಬಾಗಿಲು. ಗಾಳಿಯೆಲ್ಲ ಮೊದಲು ತಣ್ಣಗಾಗಿ, ಬಾಗಿಲು ಎಷ್ಟು ತೆರೆದಿದೆಯೋ ಅಷ್ಟು ಗಾಳಿ ಬಿಸಿ ಕೊಳವೆಯ ಮೇಲೆ ಹಾದು, ಎರಡೂ ಬೆರೆತು ಹೊರಗೆ ಬರುತ್ತದೆ.

"ಬಚ್ಚಲಲ್ಲಿ ನೀರು ಬೆರೆಸ್ತೀವಲ್ಲ ಸಾರ್, ಹಂಡೇದು ತೊಟ್ಟೀದು. ಹಾಗೇ."

ಮೇಡಂಗೆ ಬೊಬ್ಬೆಯ ವಿಷಯ ಗೊತ್ತಿರಲಿಲ್ಲ. ಅಣ್ಣ ಆ ಸಣ್ಣ ಬಾಗಿಲಿನ ಮೇಲೆ ಬೆರಳಿಟ್ಟರು.

"ಬೆರೆಸೋರು ಯಾರು?"

"ಒಳಗೊಂದು ಸಣ್ಣ ಕಂಪ್ಯೂಟರ್ ಇರುತ್ತೆ. ಒಳಗಿನ ಗಾಳಿ ನೋಡೋಕೆ ಒಂದು ಸೆನ್ಸರು, ಹೊರಗಿನ ಗಾಳಿಗೆ ಒಂದು, ಬಿಸಿಲಿಗೆ ಒಂದು. ಅವು ಹೇಳಿದ ಮೇಲೆ ಬಾಗಿಲು ಎಷ್ಟು, ಫ್ಯಾನು ಎಷ್ಟು ಅಂತ ಅದು ಲೆಕ್ಕ ಹಾಕುತ್ತೆ."

"ಕುಂತಿರೋರ್ನ ನೋಡಕಿಲ್ವ?"

"ಇಲ್ಲ ಸಾರ್. ಗಾಳೀನ ನೋಡುತ್ತೆ."

ಆ ದಿನ ವಾಪಸ್ಸು ಬರುವಾಗ ಅವರು ಮಾತೇ ಆಡಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಹಾಗೆ ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ ದಾರಿಯುದ್ದಕ್ಕೂ ಮಾತಾಡಿದರು. ಬಾಗಿಲು, ಕೊಳವೆ, ಹಂಡೆ ಅಂತ ಅತ್ತಿಗೆಗೆ ವಿವರಿಸಿದರು, ಎಂಟನೇ ಕ್ಲಾಸಿಗೆ ಪಾಠ ಮಾಡುವಂತೆ, ಗಾಳಿಯಲ್ಲಿ ಕೈಯಾಡಿಸಿ. ಒಂದು ಎಮ್ಮೆಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು.

ಇನ್ನು ಊದುಬತ್ತಿ. ಹೊಸ ಗಾಡಿಯಾದ್ದರಿಂದ ದಿನಾ ಬೆಳಿಗ್ಗೆ ಪೂಜೆ. ಡ್ಯಾಶ್‌ಬೋರ್ಡಿನ ನಡುವೆ ಸಣ್ಣ ಗಣಪ, ಅದಕ್ಕೊಂದು ಹೂವು. ಊದುಬತ್ತಿ ಸಿಕ್ಕಿಸಲು ಸ್ಟೀರಿಂಗಿನ ಪಕ್ಕ ಅಳತೆ ಕೊಟ್ಟು ಮಾಡಿಸಿದಂಥ ಜಾಗವಿತ್ತು: ನಾಣ್ಯದಗಲದಲ್ಲಿ ನಾಲ್ಕಾರು ಸೀಳು. ಕಡ್ಡಿ ನೆಟ್ಟಗೆ ನಿಲ್ಲುತ್ತಿತ್ತು. ನಾನು ಹತ್ತುವ ಹೊತ್ತಿಗೆ ಅದು ಬುಡದವರೆಗೂ ಉರಿದು ಬೂದಿಯಾಗಿರುತ್ತಿತ್ತು. ನಮ್ಮ ಕಡೆ ಅರ್ಧ ಕಾರುಗಳಲ್ಲಿ ಹಾಗೇ ಸಿಕ್ಕಿಸಿರುತ್ತಾರೆ. ಆ ಸೀಳುಗಳು ಬೇರೆ ಯಾತಕ್ಕಾದರೂ ಇರಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ. ಬಲಗಡೆ ದೂರದಲ್ಲಿ ಕರಿಘಟ್ಟದ ಬೆಟ್ಟ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಹೊರಗೇ ಚಳಿ, ಒಳಗೆ ಫ್ಯಾನು ಆರ್ಭಟಿಸಿ ತಣ್ಣನೆ ಗಾಳಿ ಊದುತ್ತಿತ್ತು. ಗಾಳಿಗೆ ಅತ್ತಿಗೆಯ ಕಣ್ಣಿನ ನೀರು ಕೆನ್ನೆಗೆ ಇಳಿದಿತ್ತು. ಅಣ್ಣ ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದರು. ಕಬ್ಬು ಹೇರಿಕೊಂಡು ಬಂದ ಟ್ರಾಕ್ಟರಿನವನು ವೇಗ ತಗ್ಗಿಸಿ, "ಮೇಷ್ಟ್ರೇ, ಎಂಜಿನ್ನು ಮುಂದ್ಗಡೆ ಇರ್ತದೆ, ಅಲ್ಲೇನ್ ಉಡುಕ್ತಿದ್ದೀರಿ" ಎಂದ.

"ನಿಮ್ಮಪ್ಪನ ಕಾಲ್ದು ನಿಧಿ ಉಡುಕ್ತಿದೀನಿ, ನಡಿ ನಡಿ."

ಒಳಗಿನ ಗಾಳಿ ನೋಡುವ ಸೆನ್ಸರು ಯಾವುದೋ ಸಣ್ಣ ಕಿಂಡಿಯಿಂದ ಗಾಳಿ ಎಳೆದುಕೊಳ್ಳುತ್ತದೆ, ತೆಳು ಕಾಗದ ಹಿಡಿದರೆ ಅಂಟಿಕೊಳ್ಳಬೇಕು ಎಂದು ಮೇಡಂ ಹೇಳಿದ್ದರು. ಅಣ್ಣ ಪೇಪರಿನ ಅಂಚು ಹರಿದು ಅಲ್ಲಿ ಇಲ್ಲಿ ಹಿಡಿದು, ಕೊನೆಗೆ ಊದುಬತ್ತಿಯ ಸೀಳುಗಳಿಗೆ ಹಿಡಿದರು. ಬಿದ್ದುಹೋಯಿತು. ಕಡ್ಡಿ ಕಿತ್ತು, ಬಾಯಿಂದ ಊದಿದರು. ಬೂದಿ ಎದ್ದು ಅವರ ಹುಬ್ಬಿನ ಮೇಲೆಲ್ಲ ಕೂತಿತು. ಮತ್ತೆ ಕಾಗದ ಹಿಡಿದರು. ಅದು ಮೆಲ್ಲಗೆ ಅಲುಗಿ, ಹೋಗಿ ಅಂಟಿಕೊಂಡಿತು.

"ಇದರ ಮೂಗಿಗೆ ನಾನೇ ದಿನಾ ಬೆಂಕಿ ಇಕ್ತಿದ್ದೀನಿ ಕಣ್ಲಾ" ಎಂದರು. "ಅಯ್ಯೋ ಸೆಕೆ ಸೆಕೆ ಅಂತ ಅದು ಒದ್ದಾಡ್ತಾ ಅದೆ. ಅಳೆಯೋದೇ ಬಿಸಿಯಾಗಿ ಕುಂತಿದ್ರೆ ಏನ್ ಅಳೆದಂಗಾಯ್ತು?"

ಬೂದಿ ಮೆತ್ತಿದ ಮುಖದಲ್ಲಿ ಅವರು ನಕ್ಕದ್ದು ನೆನಪಿದೆ. ಅತ್ತಿಗೆಯೂ ನಕ್ಕರು ಎಂದು ಅವರು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು. ಹಿಂದೆ ಕೂತಿದ್ದ ನನಗೆ ಕಂಡಿದ್ದು ಕೆನ್ನೆಯ ಅಂಚು ಮಾತ್ರ.

ಊದುಬತ್ತಿ ಮನೆಯ ಗೇಟಿಗೆ ಹೋಯಿತು. ಫ್ಯಾನಿನ ಆರ್ಭಟ ನಿಂತಿತು. ಕೆಲವು ದಿನ ಎಲ್ಲ ಸರಿಹೋಯಿತು ಎಂದುಕೊಂಡೆವು. ಆದರೆ ಸೆರಗು ಬಲ ಭುಜಕ್ಕೆ ಏರುವುದು ನಿಲ್ಲಲಿಲ್ಲ. ಬೇಸಿಗೆ ಬಂತು. ಸ್ಕೂಲು ರಜವಾದರೂ ಪೇಪರು ತಿದ್ದಲು, ಟ್ರೈನಿಂಗಿಗೆ ಅಂತ ಓಡಾಟ ಇದ್ದೇ ಇತ್ತು. ಹೊರಗೆ ಅಷ್ಟು ಸೆಕೆಯಲ್ಲೂ ಅತ್ತಿಗೆಯ ಕೈ ಏಳುತ್ತಿತ್ತು.

"ನಂಬರ್ ಜಾಸ್ತಿ ಮಾಡಣ್ಣ" ಎಂದೆ ಒಂದು ಸಲ.

"ಕೈಯಲ್ಲಿ ತಿರುವೋದಾಗಿದ್ರೆ ಹಳೇ ಕಾರೇ ಇತ್ತಲ್ಲೋ. ಎಷ್ಟು ತಿರುವ್ಲಿ? ನಂಗೆ ಹದ ಅನ್ಸೋವಷ್ಟು ತಾನೆ? ಅದೇ ಕೈ ತಾನೆ?"

ಒಂದು ಬೆಳಿಗ್ಗೆ ತಾವೇ ಇದ್ದಕ್ಕಿದ್ದಂತೆ, "ಲೇ, ಬಿಸಿಲು ಎಲ್ಲದೆ ನೋಡ್ಲಾ" ಎಂದರು. ಬಿಸಿಲು ಅವರ ಮೇಲಿತ್ತು. ನಾವು ಬಡಗಣಕ್ಕೆ ಹೋಗುತ್ತಿದ್ದೆವು. ಸೂರ್ಯ ಮೂಡಲಲ್ಲಿ, ಬಲಗಡೆ. ಅವರ ತೋಳು, ತೊಡೆ, ಸ್ಟೀರಿಂಗು ಎಲ್ಲ ಬಿಸಿಲಲ್ಲಿ. ಅತ್ತಿಗೆ ನೆರಳಲ್ಲಿ. ಸಂಜೆ ತೆಂಕಣಕ್ಕೆ ವಾಪಸ್ಸು ಬರುವಾಗ ಸೂರ್ಯ ಪಡುವಲಲ್ಲಿ. ಮತ್ತೆ ಬಲಗಡೆ, ಮತ್ತೆ ಅವರ ಮೇಲೇ. ಇಷ್ಟು ದಿನ ಓಡಾಡಿದ್ದರೂ ನಾನು ಇದನ್ನು ಗಮನಿಸಿರಲಿಲ್ಲ. ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಅಂಗಿ ಗುಂಡಿಯಷ್ಟು ಕಪ್ಪಗಿನದೊಂದು ಇತ್ತು. ಬಿಸಿಲು ನೋಡುವುದು ಅದು. ಬಿಸಿಲು ಬಿದ್ದಷ್ಟೂ ಒಳಗೆ ಕೂತವರಿಗೆ ಸುಡುತ್ತದೆ ಎಂದು ತಿಳಿದು ಅದು ಇನ್ನಷ್ಟು ತಣ್ಣಗೆ ಊದಿಸುತ್ತದೆ. ದೊಡ್ಡ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ನಂಬರು ಇರುತ್ತದಂತೆ. ಇದರಲ್ಲಿ ಎಲ್ಲರಿಗೂ ಒಂದೇ.

"ನನ್ ಬಿಸಿಲಿಗೆ ಇವ್ಳಿಗೆ ತಣ್ಣಗೆ ಊದ್ತಾ ಅದೆ" ಎಂದರು. ಅದನ್ನು ಅವರು ಜೋರಾಗಿ ಹೇಳಲಿಲ್ಲ.

ಮಾರನೆಯ ದಿನ ಗಣಪ ಜಾಗ ಬದಲಿಸಿದ್ದ. ತಳ ಟೊಳ್ಳಾದ ಪುಟ್ಟ ಗಣಪ. ಕಪ್ಪು ಗುಂಡಿಯ ಮೇಲೆ ಟೋಪಿಯ ಹಾಗೆ ಕೂತಿದ್ದ. ಮಿಷನ್ನಿಗೆ ಈಗ ಬಿಸಿಲೇ ಇಲ್ಲ. ಅದರ ಪಾಲಿಗೆ ಹೊತ್ತು ಮುಳುಗಿದೆ.

"ಅಣ್ಣ, ಏನೂ ಮುಟ್ಟಕಿಲ್ಲ ಅಂದಿದ್ರಿ."

"ನಾನೆಲ್ಲಿ ಮುಟ್ಟಿದೆ? ದೇವ್ರ ಕೈಲಿ ಬುಟ್ಟಿದೀನಿ."

ಗಾಳಿ ಮೆತ್ತಗೆ ಬರುತ್ತಿತ್ತು. ಬಿಸಿಲು ಮಾತ್ರ ಅವರ ಮೇಲೆ ಮೊದಲಿನಂತೆಯೇ ಬೀಳುತ್ತಿತ್ತು. ಪಾಂಡವಪುರ ಬರುವ ಹೊತ್ತಿಗೆ ಕಾಲರು ಒದ್ದೆಯಾಗಿ, ಬಲ ತೋಳಿನ ಅಂಗಿ ಮೈಗೆ ಅಂಟಿ, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಟವಲ್ಲಿನಿಂದ ಒರೆಸಿಕೊಂಡು ಗೇರು ಬದಲಿಸುತ್ತಿದ್ದರು. ಸ್ಕೂಲಿನಲ್ಲಿ ಯಾರೋ, ಏಸಿ ಕಾರಲ್ಲಿ ಬಂದು ಇಂಗೆ ಬೆವೆತಿದ್ದೀರಲ್ಲ ಸಾ, ಕಾರು ತಳ್ಕಂಡು ಬಂದ್ರಾ ಎಂದರು. ಅವರು, ಊ, ಇಳಿಜಾರಲ್ಲಿ ಮಾತ್ರ ಕುಂತ್ಕಂಡಿದ್ದೆ ಎಂದರು.

ನನಗೆ ವರ್ಗದ ಆರ್ಡರು ಬಂದದ್ದೂ ಅದೇ ದಿನಗಳಲ್ಲಿ. ಗಣಪ ಜಾಗ ಬದಲಿಸಿದ ಮೇಲೆ ನಾನು ಆ ಕಾರಿನಲ್ಲಿ ಓಡಾಡಿದ್ದು ಕೆಲವೇ ದಿನ. ಆ ಕೆಲವು ದಿನ ಅತ್ತಿಗೆಯ ಕೈ ಎದ್ದಿತೋ ಇಲ್ಲವೋ ಎಂದು ಈಗ ಕೇಳಿಕೊಂಡರೆ ಉತ್ತರವಿಲ್ಲ. ನಾನು ನೋಡುತ್ತಿದ್ದದ್ದು ಬಲಗಡೆ, ಆ ಒದ್ದೆ ಕಾಲರನ್ನು. ಎಡಗಡೆ ನೋಡಲಿಲ್ಲ. ಫೋನು ಬಂದದ್ದು ನಾನು ಹೊರಡುವ ಮೊದಲೋ ಆಮೇಲೋ. ಗಾಳಿ ಹದಕ್ಕೆ ಬಂತು ಎಂದರು. ಆ ದನಿಯ ಸಂತೋಷ ನನಗೆ ಇನ್ನೂ ಕೇಳುತ್ತದೆ. ತಂದೆಯ ಬೆರಳು ಅವರಿಗೆ ವಾಪಸ್ಸು ಸಿಕ್ಕಿದಂತಿತ್ತು.

ಆಮೇಲೂ ಹಾಗೇ ಓಡಾಡಿದರು, ಕೊನೆಯವರೆಗೂ. ಕಾರು ಈಗ ತಂಗಿಯ ಮನೆಯ ಮುಂದೆ ನಿಂತಿದೆ, ಹೊದಿಕೆ ಹೊದಿಸಿ.

ಶಿವರಾತ್ರಿ ಕಳೆದ ಮೇಲೆ ಅತ್ತಿಗೆಯನ್ನು ನೋಡಲು ಪಾಂಡವಪುರಕ್ಕೆ ಹೋದೆ. ಮಧ್ಯಾಹ್ನ. ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು, ಹೆಂಚು ಕಾದಿತ್ತು. ಅತ್ತಿಗೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಹಣೆಯ ಮೇಲೆ ಬೆವರು. ತಂಗಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಅತ್ತಿಗೆ ನನ್ನನ್ನು ನೋಡಿದರು. ಎಡಗೈ ನಿಧಾನವಾಗಿ ಎದ್ದು, ಮಡಿಲಿನ ಸೆರಗಿನ ಚುಂಗನ್ನು ಹಿಡಿದು, ಬಲ ಭುಜದ ಮೇಲಕ್ಕೆ ಎಳೆದುಕೊಂಡಿತು. ಜಾರಿತು. ಮತ್ತೆ ಎಳೆದುಕೊಂಡಿತು.

ನಾನು ಬಾಗಿಲಲ್ಲೇ ನಿಂತಿದ್ದೆನೆಂದು ಕಾಣುತ್ತದೆ. ತಂಗಿ, ಬನ್ನಿ ಮೇಷ್ಟ್ರೇ, ಯಾಕಂಗೆ ನಿಂತ್ಕಂಡ್ರಿ ಎಂದಳು.

"ಚಳಿಯೇನವ್ವ ಅತ್ತಿಗೆಗೆ?" ಎಂದೆ. ಎಂಥ ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಯಿತು.

"ಈ ಉರೀಲಿ ಚಳಿಯಾ? ಗಂಡಸ್ರು ಬಂದ್ರೆ ನಮ್ಮಕ್ಕ ಅಂಗೇಯ. ಎರಡೂ ತೋಳು ಮುಚ್ಕಂಡು ಕೂರ್ಬೇಕು ಅಂತ ನಮ್ಮವ್ವ ಕಲ್ಸಿದ್ದು. ನಾವೆಲ್ಲ ಬುಟ್ಬುಟ್ಟೊ, ಅಕ್ಕ ಬುಡ್ಲಿಲ್ಲ." ಬೀಸಣಿಗೆ ನಿಲ್ಲಿಸಿ ಸ್ವಲ್ಪ ಯೋಚಿಸಿ, "ಚಳಿ ಆದ್ರೂ ಅಂಗೇ ಎಳ್ಕತ್ತದೆ ಅನ್ನಿ" ಎಂದಳು.

"ಅಣ್ಣನಿಗೆ ಇದು ಗೊತ್ತಿತ್ತಾ?"

"ಭಾವನ ಮುಂದೆ ಅಕ್ಕ ಯಾಕೆ ತೋಳು ಮುಚ್ಕತ್ತದೆ? ಭಾವ ಅದನ್ನ ಎಲ್ಲಿ ನೋಡ್ಬೇಕು?"

ಮಜ್ಜಿಗೆ ಕೊಟ್ಟಳು. ಕುಡಿದೆ. ಅತ್ತಿಗೆಗೆ ಏನಾದರೂ ಹೇಳಬೇಕಿತ್ತು. ಅಣ್ಣ ನಿಮಗಾಗಿ ಬಿಸಿಲಲ್ಲಿ ಬೆವೆತರು ಎಂದೋ, ನಾನು ಬಸ್ಸಿನಲ್ಲೇ ಹೋಗಬಹುದಿತ್ತು ಎಂದೋ. ನಾನು ಕೂತಿರುವವರೆಗೂ ಆ ಕೈ ಸೆರಗನ್ನು ಹಿಡಿದೇ ಇತ್ತು, ಹಣೆಯ ಬೆವರು ಕೆನ್ನೆಗೆ ಇಳಿಯುತ್ತಿತ್ತು. ಬೇಗ ಎದ್ದೆ. ಹೊರಗೆ ಕಾರಿನ ಹೊದಿಕೆಯ ಅಂಚು ಎತ್ತಿ ಗಾಜಿನೊಳಗೆ ನೋಡಿದೆ. ಗಣಪ ಮೂಲೆಯಲ್ಲೇ, ಗುಂಡಿಯ ಮೇಲೆಯೇ ಕೂತಿದ್ದ.

ಗಣಪ ಆ ಮೂಲೆಗೆ ಹೋದದ್ದೂ ನಾನು ಆ ಕಾರಿನಿಂದ ಇಳಿದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಸೆರಗು ನಿಂತದ್ದು ಯಾವುದರಿಂದ ಎಂದು ಬೇರ್ಪಡಿಸಲು ಆ ಒಂದು ಫೋನು ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ಅದು ನಾನಿನ್ನೂ ಆ ಕಾರಿನಲ್ಲಿದ್ದಾಗ ಬಂದಿದ್ದರೆ ಗಣಪನಿಂದ, ಇಳಿದ ಮೇಲಾದರೆ ನಾನಿಲ್ಲದ್ದರಿಂದಲೂ ಇರಬಹುದು. ಯಾವತ್ತು ಬಂತೆಂದು ನೆನಪಿಲ್ಲ. ಅವರಿಬ್ಬರೇ ಎಲ್ಲಿಗಾದರೂ ಹೋದಾಗ ಹೇಗಿರುತ್ತಿತ್ತು ಎಂದು ಕೇಳಬೇಕೆಂದು, ಕೇಳುವುದಕ್ಕೆ ಅವರಿದ್ದಾಗ, ಹೊಳೆಯಲಿಲ್ಲ. ಅತ್ತಿಗೆಗೆ ಚಳಿಯಾಗುತ್ತಿದ್ದಿರಬಹುದು. ಆಗದೆಯೂ ಇದ್ದಿರಬಹುದು. ಆ ಕೈ ಏಳುವುದನ್ನು ನಾನು ನೋಡಿದ್ದೆಲ್ಲ ನಾನು ಇದ್ದಾಗ. ನಾನಿಲ್ಲದ ಕಾರಿನಲ್ಲಿ ಅತ್ತಿಗೆ ಹೇಗೆ ಕೂತಿರುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ.